ಆಟಿಯಲ್ಲಿ ಬರೆಯದ ಪ್ರೋನೋಟುಗಳು

ದಿವಾಳಿಯಾದೆ ಎಂದು ಕೋರ್ಟಿಗೆ ಪಾಪರ್ ಅರ್ಜಿ ಹಾಕಿದವರ ಮನೆಗೆ ಹೋದಾಗ ನಮ್ಮ ವಕೀಲರು ಮೊದಲು ಕೇಳುತ್ತಿದ್ದದ್ದು ಕುಡಿಯುವ ನೀರು. ಲೆಕ್ಕದ ಪುಸ್ತಕವಲ್ಲ, ಬೀಗದ ಕೈಯಲ್ಲ. ಚಪ್ಪಲಿ ಬಿಟ್ಟು, ಕೊಡೆಯನ್ನು ಗೋಡೆಗೆ ಒರಗಿಸಿ, ಚಾವಡಿಯ ಬೆಂಚಿನಲ್ಲಿ ಕುಳಿತು "ಸ್ವಲ್ಪ ನೀರು ಸಿಗಬಹುದಾ?" ಎನ್ನುತ್ತಿದ್ದರು. ಪಕ್ಕದಲ್ಲಿ ನೋಟ್ ಪುಸ್ತಕ ಹಿಡಿದು ನಾನು.

ಒಮ್ಮೆ ಹೆಬ್ರಿಯ ಕಡೆ ಅಕ್ಕಿ ಗಿರಣಿಯವನೊಬ್ಬನ ಮನೆಗೆ ಹೋಗಿದ್ದೆವು. ತನ್ನಲ್ಲಿ ಉಳಿದಿರುವುದು ಆರು ಅಲ್ಯುಮಿನಿಯಂ ಪಾತ್ರೆ, ಎರಡು ಚಾಪೆ ಎಂದು ಕೋರ್ಟಿಗೆ ಬರೆದುಕೊಟ್ಟಿದ್ದ ಮನುಷ್ಯ. ನೀರು ಕೇಳಿದ ಕೂಡಲೇ ಅವನ ಅತ್ತಿಗೆ ಬೆಳ್ಳಿಯ ತಟ್ಟೆಯಲ್ಲಿ ಬೆಲ್ಲ, ಬೆಳ್ಳಿಯ ಚೆಂಬಿನಲ್ಲಿ ನೀರು ತಂದಿಟ್ಟರು. ಕೋಟು ಹಾಕಿಕೊಂಡು ಬಂದ ವಕೀಲರಿಗೆ ಅಲ್ಯುಮಿನಿಯಂ ಲೋಟ ಹಿಡಿಯುವುದು ಹೇಗೆ? ಮನೆಯ ಮಾನ ಏನಾಗಬೇಕು? ಗಿರಣಿಯವನ ಮುಖ ಕಪ್ಪಿಟ್ಟಿತು. ಇವರು ನಿಧಾನವಾಗಿ ಬೆಲ್ಲ ಕಚ್ಚಿ, ನೀರು ಕುಡಿದು, ಚೆಂಬನ್ನು ಕೈಯಲ್ಲಿ ತೂಗಿ ನೋಡಿ ನನ್ನ ಕಡೆ ತಿರುಗಿದರು. "ಬರೆಯಿರಿ ಬಾಯಿ. ಬೆಳ್ಳಿ ಚೆಂಬು ಒಂದು, ತಟ್ಟೆ ಒಂದು." ಆಮೇಲೆ ಆ ಹೆಂಗಸಿಗೆ, ನಿಮ್ಮ ಬಾವಿಯ ನೀರು ಒಳ್ಳೆಯ ತಂಪು ಎಂದೂ ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಹಿಂತಿರುಗುವ ಬಸ್ಸಿನಲ್ಲಿ ಮಾತ್ರ, ಆ ಹೆಂಗಸು ಮನೆಯವರಿಂದ ಏನೆಲ್ಲ ಕೇಳಬೇಕಾಯಿತೋ ಎಂದು ಯೋಚಿಸಿ ನಗು ನಿಂತಿತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಉಡುಪಿಯಲ್ಲಿ ಕೋರ್ಟಿನ ಹತ್ತಿರ ಒಂದು ಹೋಟೆಲಿನ ಮಹಡಿಯ ಮೇಲೆ ಅವರ ಆಫೀಸು. ಹನ್ನೊಂದು ಗಂಟೆಯಿಂದಲೇ ಸಾಂಬಾರಿನ ಪರಿಮಳ ಫೈಲುಗಳಿಗೆ ಹತ್ತುತ್ತಿತ್ತು. ನಾನು ಅಲ್ಲಿ ಟೈಪಿಸ್ಟ್. ಇಪ್ಪತ್ತೆರಡು ವರ್ಷ, ಮೂಗಿನ ತುದಿಯಲ್ಲಿ ಕೋಪ. ಕ್ರಿಸ್ತುವರ ಹೆಂಗಸರನ್ನು ನಮ್ಮಲ್ಲಿ ಕರೆಯುವ ಹಾಗೆ ಅವರೂ ನನ್ನನ್ನು ‘ಬಾಯಿ’ ಎಂದೇ ಕರೆಯುತ್ತಿದ್ದರು, ಮಗಳ ವಯಸ್ಸಿನವಳಾದರೂ ಬಹುವಚನ ಬಿಟ್ಟವರಲ್ಲ. ಅವರು ವಕೀಲರಾದರೂ ಊರಿನ ಬಾಯಲ್ಲಿ ‘ರಿಸೀವರ್ರು’. ಸಾಲ ತೀರಿಸಲು ನನ್ನಿಂದ ಆಗದು ಎಂದು ಯಾರಾದರೂ ಕೋರ್ಟಿನಲ್ಲಿ ಕೈ ಎತ್ತಿದರೆ, ಅವನ ಆಸ್ತಿ ವಶಕ್ಕೆ ತೆಗೆದುಕೊಂಡು, ಮಾರಿ, ಸಾಲ ಕೊಟ್ಟವರಿಗೆಲ್ಲ ಪಾಲು ಹಂಚುವ ಕೆಲಸವನ್ನು ಕೋರ್ಟು ಹೆಚ್ಚಾಗಿ ಅವರಿಗೇ ಒಪ್ಪಿಸುತ್ತಿತ್ತು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರ ಮಕ್ಕಳಿದ್ದಾರೆ, ನಾನು ಹೇಳಲು ಹೊರಟಿರುವ ಬಟ್ಟೆ ಅಂಗಡಿಯವನ ಮಕ್ಕಳೂ ಇದ್ದಾರೆ.

ಸಣಕಲು ದೇಹ. ಕರಿಕೋಟು ಭುಜದ ಹತ್ತಿರ ಬೂದು ಬಣ್ಣಕ್ಕೆ ತಿರುಗಿತ್ತು. ಬಂದ ಕಾಗದದ ಲಕೋಟೆಯನ್ನು ಬಿಡಿಸಿ, ಒಳಮೈ ಹೊರಗೆ ಮಾಡಿ ಅಂಟಿಸಿ ಮತ್ತೆ ಬಳಸುವಷ್ಟು ಜಿಪುಣತನ. ಒಂದು ಚಹಾ ತರಿಸಿದರೆ ಅರ್ಧ ನನಗೆ, ಅರ್ಧ ಅವರಿಗೆ. ಯೋಚನೆಗೆ ಬಿದ್ದರೆ ಬ್ಲೇಡು ತೆಗೆದುಕೊಂಡು ಪೆನ್ಸಿಲ್ ಹೆರೆಯಲು ಕುಳಿತುಕೊಳ್ಳುತ್ತಿದ್ದರು. ಹೆರೆದು ಹೆರೆದು ಗಿಡ್ಡವಾದ ಪೆನ್ಸಿಲುಗಳು ಒಂದು ಡಬ್ಬದ ತುಂಬ ಇದ್ದವು. ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಹೇಳುತ್ತೇನೆ, ನನಗೆ ಅದೇ ದೊಡ್ಡ ಕಿರಿಕಿರಿಯಾಗಿತ್ತು.

ಮೋಸ ಹೇಗೆ ನಡೆಯುತ್ತದೆ ಎಂದು ಅವರು ನನಗೆ ಪಾಠ ಹೇಳಿದ್ದು ಬಸ್ಸುಗಳಲ್ಲಿ. ಪಾಪರ್ ಆದವನ ಮನೆಯಲ್ಲಿ ಇರುವುದನ್ನು ಯಾರಾದರೂ ನೋಡುತ್ತಾರೆ, ಇಲ್ಲದ್ದನ್ನು ನೋಡಬೇಕು ಎನ್ನುತ್ತಿದ್ದರು. ಗೋಡೆಯಲ್ಲಿ ಮೊಳೆ ಉಂಟು, ಗಡಿಯಾರ ಇಲ್ಲ. ನೆಲದಲ್ಲಿ ಕಪಾಟಿನಷ್ಟು ಜಾಗ ಮಾತ್ರ ಹೊಸದರ ಹಾಗೆ ಹೊಳೆಯುತ್ತದೆ. ಮಾಲು ಬಚ್ಚಿಡುವುದು ಮೊದಲನೆಯ ದಾರಿ. ಮಣಿಪಾಲದಲ್ಲಿ ಅತ್ತೆಯ ಹೆಸರಿಗೆ ಬಾಡಿಗೆ ಕೋಣೆ ಹಿಡಿದು ಸೈಕಲ್ ಟಯರು ತುಂಬಿಸಿಟ್ಟಿದ್ದ ಒಬ್ಬನನ್ನು ಅವರು ಹಿಡಿದಿದ್ದರು. ಅರ್ಜಿ ಹಾಕುವ ಮೊದಲೇ ಗದ್ದೆ, ಮನೆಗಳನ್ನು ಹೆಂಡತಿಗೋ ಅಕ್ಕನಿಗೋ ಬರೆದುಕೊಡುವುದು ಎರಡನೆಯದು. ಮೂರನೆಯದನ್ನು ಹೇಳುವಾಗ ಅವರ ಮುಖ ಗಂಟಿಕ್ಕುತ್ತಿತ್ತು. ಅದು ಸಾಲ ಕೊಟ್ಟವರನ್ನೇ ಹುಟ್ಟಿಸುವುದು. ಕೊಡದ ಸಾಲಕ್ಕೆ ಹಳೆಯ ತಾರೀಕು ಹಾಕಿ ಪ್ರೋನೋಟು, ಅಂದರೆ ಸಾಲಪತ್ರ, ಬರೆದು ಸಂಬಂಧಿಕರ, ಪರಿಚಯದವರ ಕೈಗೆ ಕೊಡುವುದು. ಅವರು ಕೋರ್ಟಿಗೆ ಬಂದು ನಮಗೂ ಪಾಲು ಬೇಕು ಎನ್ನುತ್ತಾರೆ, ಸಿಕ್ಕಿದ ಪಾಲನ್ನು ಹಿಂದಿನ ಬಾಗಿಲಿನಿಂದ ಪಾಪರ್ ಆದವನಿಗೇ ತಲುಪಿಸುತ್ತಾರೆ.

"ಹತ್ತು ಜನರಿಗೆ ಮಾಡಿದ ಅನ್ನಕ್ಕೆ ಮೂವತ್ತು ಎಲೆ ಹಾಕಿದ ಹಾಗೆ," ಎಂದಿದ್ದರು. "ಹೆಚ್ಚಿನ ಇಪ್ಪತ್ತು ಎಲೆಯಲ್ಲಿ ಉಣ್ಣುವವನು ಒಬ್ಬನೇ. ಹಸಿದು ಬಂದ ಹತ್ತು ಜನ ಎಂತ ಮಾಡಬೇಕು?"

ಬಟ್ಟೆ ಅಂಗಡಿಯವನ ವಿಷಯಕ್ಕೆ ಬರುತ್ತೇನೆ. ಕಾಪುವಿನಿಂದ ಕಾರ್ಕಳದವರೆಗೆ ಮದುವೆ ಸೀರೆ ಎಂದರೆ ಅವನ ಅಂಗಡಿ. ಬಟ್ಟೆ ಕೊಂಡವರೇ ಉಳಿದ ಹಣವನ್ನು ಅವನಲ್ಲಿ ಇಟ್ಟು ಬರುತ್ತಿದ್ದರು. ಬ್ಯಾಂಕಿಗಿಂತ ಒಂದು ರೂಪಾಯಿ ಬಡ್ಡಿ ಹೆಚ್ಚು, ಕೈಬೀಸಿ ಕರೆದು ಕೂರಿಸುವ ಮರ್ಯಾದೆ ಬೇರೆ. ಸಾಕ್ಷಿಗೆ ಅವನ ಸಹಿಯ ಒಂದು ಹಳದಿ ಚೀಟಿ. ಇನ್ನಂಜೆಯ ನಮ್ಮ ಮನೆಯ ನಾಲ್ಕು ಸಾವಿರವೂ ಅಲ್ಲಿತ್ತು. ಅಮ್ಮ ಬೆಳಗಾಗುವ ಮೊದಲೇ ಮಲ್ಲಿಗೆ ಕೊಯ್ದು, ಕಟ್ಟಿ, ಮಾರಿ ಕೂಡಿಸಿದ್ದು ಸ್ವಲ್ಪ. ಅಣ್ಣ ಬಹರೈನಿನಿಂದ ಕಳಿಸಿದ್ದು ಉಳಿದದ್ದು. ನನ್ನ ಮದುವೆಯ ಹಣ ಅದು. ಪಾದೂರಿನ ಕಡೆ ಒಂದು ಸಂಬಂಧ ಮಾತುಕತೆಗೂ ಬಂದಿತ್ತು.

ಅಂಗಡಿಯವನು ಪಾಪರ್ ಅರ್ಜಿ ಹಾಕಿದ. ರಿಸೀವರ್ ಇವರೇ ಆದರು. ನಮ್ಮ ಹಣವೂ ಅಲ್ಲಿದೆ ಎಂದು ಆ ದಿನವೇ ಅವರಿಗೆ ಹೇಳಬೇಕಿತ್ತು. ಹೇಳಿದರೆ ಈ ಫೈಲನ್ನು ನನ್ನ ಕೈಯಿಂದ ತೆಗೆದುಬಿಡುತ್ತಾರೆ ಎಂದು ಹೇಳಲಿಲ್ಲ.

ಮೊದಲನೆಯ ವಾರವೇ ಅಂಗಡಿಯವನು ಮಹಡಿ ಹತ್ತಿ ಬಂದ. ಜರಿ ಅಂಚಿನ ಪಂಚೆ, ಗಂಧದ ಬೊಟ್ಟು. ದಿವಾಳಿ ಎದ್ದವನ ಗಾಂಭೀರ್ಯವೇ ಬೇರೆ. ಸುದ್ದಿ ಕಾಗದದಲ್ಲಿ ಸುತ್ತಿದ ಒಂದು ಕಟ್ಟನ್ನು ಮೇಜಿನ ಮೇಲಿಟ್ಟು, ನನ್ನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"ಇದು ನಿಮ್ಮದು, ವಕೀಲರೇ. ನಿಮಗೆ ಯಾಕೆ ತೊಂದರೆ ಆಗಬೇಕು?"

ಅವರು ಬ್ಲೇಡು ಕೆಳಗಿಟ್ಟರು. ಕಟ್ಟನ್ನು ಮುಟ್ಟದೆ ನನ್ನ ಮೇಜಿನ ಕಡೆ ತಳ್ಳಿದರು. "ಎಣಿಸಿ ಬಾಯಿ."

ಐದು ಸಾವಿರ ಇತ್ತು. ಲಂಚದ ಹಣವನ್ನು ನಾನು ಹಿಂದೆ ಮುಟ್ಟಿದವಳಲ್ಲ. ಅವರು ರಶೀದಿ ಟೈಪು ಮಾಡಿಸಿದರು: ಅರ್ಜಿದಾರನು ತನ್ನ ಬಳಿ ಉಳಿದಿದ್ದ ನಗದು ರೂಪಾಯಿ ಐದು ಸಾವಿರವನ್ನು ಸಾಲ ಕೊಟ್ಟವರೆಲ್ಲರ ಸಲುವಾಗಿ ರಿಸೀವರರ ವಶಕ್ಕೆ ಒಪ್ಪಿಸಿದ್ದಾನೆ. ಅಂಗಡಿಯವನು ಏನೋ ಹೇಳಲು ಬಾಯಿ ತೆರೆದ. ಇವರು ಅವನನ್ನೇ ನೋಡುತ್ತಾ ಕುಳಿತಿದ್ದರು. ಅವನು ರಶೀದಿ ಮಡಚಿ ಜೇಬಿಗೆ ಹಾಕಿಕೊಂಡು ಇಳಿದು ಹೋದ. ಅವತ್ತು ನನಗೆ ಇವರ ಮೇಲೆ ಎಷ್ಟು ಅಭಿಮಾನ ಬಂತೆಂದರೆ ಅರ್ಧ ಚಹಾದ ಜಿಪುಣತನವನ್ನೂ ಮಾಫಿ ಮಾಡಿದೆ.

ಆಮೇಲೆ ಸಾಲ ಕೊಟ್ಟವರ ಪಟ್ಟಿ ಬಂತು. ಹಳದಿ ಚೀಟಿಯವರು ಅರುವತ್ತರ ಹತ್ತಿರ: ಮೀನು ಮಾರುವವರು, ಬೀಡಿ ಕಟ್ಟುವವರು, ಟೀಚರುಗಳು. ಐನೂರು, ಎಂಟುನೂರು, ಎರಡು ಸಾವಿರ. ಅದರ ಕೆಳಗೆ ಪ್ರೋನೋಟಿನವರು ಹದಿನಾಲ್ಕು ಜನ. ಒಬ್ಬೊಬ್ಬರದ್ದೂ ಹತ್ತು, ಹದಿನೈದು, ಇಪ್ಪತ್ತು ಸಾವಿರ. ಟೈಪು ಮಾಡುತ್ತಾ ಬಂದವಳ ಬೆರಳು ಹನ್ನೊಂದನೆಯ ಹೆಸರಿನಲ್ಲಿ ನಿಂತಿತು. ಅದು ನನ್ನ ಅಪ್ಪನ ಹೆಸರು. ಇನ್ನಂಜೆ, ಹದಿನೈದು ಸಾವಿರ ರೂಪಾಯಿ.

ನಮ್ಮ ಮನೆಯಲ್ಲಿ ಹದಿನೈದು ಸಾವಿರವನ್ನು ಒಟ್ಟಿಗೆ ಕಂಡವರು ಯಾರೂ ಇರಲಿಲ್ಲ. ಫೈಲಿನಲ್ಲಿದ್ದ ಪ್ರೋನೋಟು ತೆಗೆದು ನೋಡಿದೆ. ಏಪ್ರಿಲ್ ತಿಂಗಳ ಒಂದು ಶುಕ್ರವಾರ, ಉಡುಪಿಯ ಅಂಗಡಿಯಲ್ಲಿ ಹಣ ಕೈಗೆ ಕೊಟ್ಟದ್ದು ಎಂದಿತ್ತು. ಆ ತಾರೀಕು ನನಗೆ ಮರೆಯುವಂಥದ್ದಲ್ಲ. ಅದು ಆ ವರ್ಷದ ಗುಡ್ ಫ್ರೈಡೆ. ಅಪ್ಪ ಅವತ್ತು ಬೆಳಗ್ಗಿನಿಂದ ಉಪವಾಸವಿದ್ದು, ಇಗರ್ಜಿಯ ಅಂಗಳದಲ್ಲಿ ಎಲ್ಲರ ಮುಂದೆ ಮರದ ಶಿಲುಬೆ ಹೊತ್ತು ನಡೆದಿದ್ದರು. ಅವರ ಹಿಂದೆ ಹಾಡುತ್ತಾ ನಡೆದವರಲ್ಲಿ ನಾನೂ ಒಬ್ಬಳು.

ಎಂಟು ದಿನ ನಾನು ಬಾಯಿ ಬಿಡಲಿಲ್ಲ. ಮನೆಯಲ್ಲೂ ಕೇಳಲಿಲ್ಲ, ಆಫೀಸಿನಲ್ಲೂ ಹೇಳಲಿಲ್ಲ. ಸುಳ್ಳು ಅರ್ಜಿಗೆ ಸಹಿ ಹಾಕಿದವರಿಗೆ ಜೈಲು ಎಂದು ಎಷ್ಟೋ ನೋಟೀಸುಗಳನ್ನು ಟೈಪು ಮಾಡಿದ ಕೈ ನನ್ನದೇ. ಅವರು ಪ್ರತಿದಿನ ಆ ಹದಿನಾಲ್ಕು ಪ್ರೋನೋಟುಗಳನ್ನು ಮೇಜಿನ ಮೇಲೆ ಹರಡಿಕೊಳ್ಳುವರು, ಪೆನ್ಸಿಲ್ ಹೆರೆಯುವರು, ಮತ್ತೆ ಕಟ್ಟಿಡುವರು.

ಒಂಬತ್ತನೆಯ ದಿನ ಕಪಾಟಿನಿಂದ ಹಿಂದಿನ ಎರಡು ವರ್ಷಗಳ ಪಂಚಾಂಗ ತೆಗೆಸಿದರು. ಒಂದೊಂದೇ ಪ್ರೋನೋಟಿನ ತಾರೀಕು ನೋಡಿ ಪಂಚಾಂಗದಲ್ಲಿ ಗುರುತು ಹಾಕುತ್ತಾ ಹೋದರು. ಮುಗಿಸಿ, ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡರು.

"ನೋಡಿ ಬಾಯಿ. ಹದಿನಾಲ್ಕು ಸಲ ಸಾಲ ತೆಗೆದುಕೊಂಡಿದ್ದಾನೆ. ಒಂದು ಅಮಾವಾಸ್ಯೆ ಇಲ್ಲ, ಒಂದು ಮಂಗಳವಾರ ಇಲ್ಲ. ಎರಡು ವರ್ಷದಲ್ಲಿ ಆಟಿ ತಿಂಗಳಿನದ್ದು ಒಂದೂ ಇಲ್ಲ. ಎಲ್ಲ ಒಳ್ಳೆಯ ದಿನವೇ."

ಆಟಿ ಎಂದರೆ ನಮ್ಮ ಕಡೆ ಆಷಾಢದ ಹಾಗೆ, ಒಳ್ಳೆಯ ಕೆಲಸಕ್ಕೆ ಯಾರೂ ಕೈಹಾಕದ ಮಳೆಗಾಲದ ತಿಂಗಳು.

"ಬಟ್ಟೆ ಅಂಗಡಿಗೆ ಆಟಿಯಲ್ಲಿ ವ್ಯಾಪಾರ ಉಂಟಾ? ಮಳೆ, ಮದುವೆ ಇಲ್ಲ, ಎಂತದೂ ಇಲ್ಲ. ಮುಂದಿನ ಚೌತಿಗೆ ಮಾಲು ತರಿಸಲಿಕ್ಕೆ ಹಣ ಬೇಕಾಗುವುದು ಆಗಲೇ. ಅವನು ನಿಜವಾಗಿ ಕೈ ಒಡ್ಡುವುದು ಆಟಿಯಲ್ಲಿ. ಕಷ್ಟದಲ್ಲಿ ಇರುವವನು ದಿನ ನೋಡುವುದಿಲ್ಲ ಬಾಯಿ. ಸುಳ್ಳು ಬರೆಯಲಿಕ್ಕೆ ಕೂತವನಿಗೆ ಮಾತ್ರ ದಿನ ನೋಡುವ ಪುರುಸೊತ್ತು."

ನಾನು ಆಮೇಲೆ ಈ ಬಗ್ಗೆ ಎಷ್ಟೋ ಸಲ ಯೋಚಿಸಿದ್ದೇನೆ. ಕೋರ್ಟಿಗೆ ಹೆದರದವನು, ಅರುವತ್ತು ಮನೆಗಳ ಹಣ ನುಂಗಲು ಹಿಂಜರಿಯದವನು, ಸುಳ್ಳು ಕಾಗದದ ಮೇಲೂ ಆಟಿಯ ತಾರೀಕು ಬರೆಯಲು ಹೆದರಿದ. ನಮ್ಮ ಊರಿನವನು ಮಾತ್ರ ಮಾಡಬಹುದಾದ ತಪ್ಪು ಅದು. ಪಂಚಾಂಗ ನೋಡಿ ಒಳ್ಳೆಯ ಶುಕ್ರವಾರ ಆರಿಸಿದವನಿಗೆ ಅದು ಕ್ರಿಸ್ತುವರಿಗೆ ಎಂಥ ಶುಕ್ರವಾರ ಎಂಬುದು ಹೊಳೆಯಲಿಲ್ಲ ಅಷ್ಟೆ. ಅಪ್ಪನೂ ತಾರೀಕು ನೋಡದೆ ಅರ್ಜಿಗೆ ಸಹಿ ಹಾಕಿದ್ದರು.

ಹದಿನಾಲ್ಕು ಜನರಿಗೂ ನೋಟೀಸು ಟೈಪು ಮಾಡಲು ಹೇಳಿದರು. ಸೋಮವಾರ ಹನ್ನೊಂದು ಗಂಟೆಗೆ ಖುದ್ದು ಬಂದು, ಪ್ರೋನೋಟು ನಿಜವೆಂದು ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. ತಾವಾಗಿಯೇ ಅರ್ಜಿ ಹಿಂತೆಗೆದುಕೊಳ್ಳುವವರು ಅಷ್ಟರೊಳಗೆ ಹಿಂತೆಗೆದುಕೊಳ್ಳಬಹುದು. ನನ್ನ ಅಪ್ಪನಿಗೆ ನಾನೇ ನೋಟೀಸು ಟೈಪು ಮಾಡಿದೆ. ಒಂದು ಅಕ್ಷರವೂ ತಪ್ಪಲಿಲ್ಲ. ಹದಿಮೂರು ಲಕೋಟೆಗಳನ್ನು ಅಂಚೆಗೆ ಎತ್ತಿಟ್ಟು, ಒಂದನ್ನು ಅವರು ನನ್ನ ಕಡೆ ಚಾಚಿದರು.

"ಇನ್ನಂಜೆಯದ್ದು ಅಂಚೆಗೆ ಬೇಡ. ನೀವು ಹೇಗೂ ಆ ಕಡೆ ಹೋಗುವವರು ಅಲ್ವಾ."

ಅವರು ನನ್ನ ಮುಖ ನೋಡಲಿಲ್ಲ. ಎಷ್ಟು ದಿನದಿಂದ ಗೊತ್ತಿತ್ತೋ! ಕಾಪು ಬಸ್ಸಿನಲ್ಲಿ ಆ ಲಕೋಟೆಯನ್ನು ಚೀಲದ ಅಡಿಗೆ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿ, ಇಳಿಯುವ ಸ್ಟಾಪು ದಾಟಿಹೋದೆ.

ಅಪ್ಪ ಮಲ್ಲಿಗೆ ಗಿಡಗಳ ಬುಡ ಬಿಡಿಸುತ್ತಿದ್ದರು. ನೋಟೀಸು ಓದಿ ಕಟ್ಟೆಯ ಮೇಲೆ ಕುಳಿತರು. ನಮ್ಮ ಕೊಂಕಣಿಯಲ್ಲಿ ಅವರು ಹೇಳಿದ್ದರ ಸಾರಾಂಶ ಇಷ್ಟು: ಅಂಗಡಿಯ ಧನಿಗಳೇ ಕರೆಸಿದ್ದರು. ಎಲ್ಲರ ಜೊತೆ ನಿಂತರೆ ರೂಪಾಯಿಗೆ ಐದಾಣೆ ಸಿಕ್ಕಿದರೆ ಹೆಚ್ಚು. ಈ ಅರ್ಜಿಗೆ ಸಹಿ ಹಾಕಿದರೆ ನಿನ್ನ ನಾಲ್ಕು ಸಾವಿರ ಪೂರ್ತಿ ನಿನ್ನ ಕೈಗೆ ಬರುತ್ತದೆ, ಉಳಿದದ್ದು ನನಗೆ ಕೊಡು ಎಂದಿದ್ದರು. ಹಳದಿ ಚೀಟಿಯನ್ನು ಆಗಲೇ ವಾಪಸ್ಸು ತೆಗೆದುಕೊಂಡಿದ್ದರು. ನಿನ್ನ ಮದುವೆ ನಿಲ್ಲಬಾರದು ಎಂದು ಮಾಡಿದೆ ಎಂದರು ಅಪ್ಪ.

ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು ಒಂದೇ ಪ್ರಶ್ನೆ ಕೇಳಿದರು. "ಯಾವ ದಿನ ಕೊಟ್ಟದ್ದು ಎಂದು ಬರೆದಿದ್ದಾರೆ?"

ನಾನು ಹೇಳಿದೆ. ಅಪ್ಪ ತಲೆಯ ಮೇಲಿನ ಮುಂಡಾಸು ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಸೋಮವಾರ ಅಪ್ಪ ಇಗರ್ಜಿಗೆ ಹೋಗುವ ಬಿಳಿ ಅಂಗಿ ಹಾಕಿಕೊಂಡು ಮಹಡಿ ಹತ್ತಿದರು. ಅರ್ಜಿ ಹಿಂತೆಗೆದುಕೊಂಡ ಒಂಬತ್ತು ಜನರಲ್ಲಿ ಮೊದಲನೆಯವರು ಅವರೇ. ಉಳಿದ ಐದು ಜನ ಪ್ರಮಾಣ ಮಾಡಲು ನಿಂತು ಎರಡನೆಯ ಪ್ರಶ್ನೆಗೇ ತೊದಲಿದರು. ರಿಸೀವರ್ರು ಅಪ್ಪನಿಗೆ ಕುರ್ಚಿ ಕೊಟ್ಟರು, ಯಾವ ಪ್ರಶ್ನೆಯನ್ನೂ ಕೇಳಲಿಲ್ಲ, ಸಹಿ ಹಾಕಿಸಿಕೊಂಡು ಕಳಿಸಿದರು.

ಅಪ್ಪ ಇಳಿದು ಹೋದ ಮೇಲೆ ನಾನು ಅವರ ಮೇಜಿನ ಮುಂದೆ ಹೋಗಿ ನಿಂತೆ. ಹದಿನೈದು ಸಾವಿರ ಸುಳ್ಳು, ಆದರೆ ನಾಲ್ಕು ಸಾವಿರ ನಿಜ ಎಂದೆ. ಅದನ್ನಾದರೂ ಪಟ್ಟಿಗೆ ಸೇರಿಸಿ ಎಂದೆ. ಚೀಟಿ ಉಂಟಾ ಎಂದರು. ಇಲ್ಲ. ಅಂಗಡಿಯ ಖಾತೆಯಲ್ಲಿ ಆ ಪುಟ ಹರಿದುಹೋಗಿತ್ತು, ಅದು ಇಬ್ಬರಿಗೂ ಗೊತ್ತಿತ್ತು.

"ನೀವು ಹೇಳುವುದು ನಿಜ ಅಂತ ನನಗೆ ಗೊತ್ತುಂಟು," ಎಂದರು. "ಗೊತ್ತಿರುವುದನ್ನು ನಾನು ಬರೆಯುವ ಹಾಗಿಲ್ಲ ಬಾಯಿ. ಕಂಡದ್ದನ್ನು ಮಾತ್ರ."

ನನಗೆ ತಡೆಯಲಾಗಲಿಲ್ಲ. "ನಿಮ್ಮ ಹಣ ಹೋಗಿದ್ದರೆ ಗೊತ್ತಾಗುತ್ತಿತ್ತು," ಎಂದೆ.

ಅವರು ಬ್ಲೇಡು ತೆಗೆದುಕೊಂಡರು, ಪೆನ್ಸಿಲ್ ತೆಗೆದುಕೊಂಡರು. "ಹೌದು ಬಾಯಿ," ಎಂದು ಹೆರೆಯಲು ಶುರು ಮಾಡಿದರು.

ಹಳದಿ ಚೀಟಿಯವರಿಗೆ ಕೊನೆಗೆ ರೂಪಾಯಿಗೆ ಆರಾಣೆ ಸಿಕ್ಕಿತು. ಕಾಪುವಿನ ಮೀನಿನ ಹೆಂಗಸೊಬ್ಬಳು ತನ್ನ ಪಾಲನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ರಿಸೀವರ್ರಿಗೆ ಅಡ್ಡಬೀಳಲು ಹೋಗಿ, ಅವರು ಕುರ್ಚಿಯಿಂದ ಎದ್ದು ಓಡಿದ್ದು ನೆನಪಿದೆ. ನಮಗೆ ಒಂದು ಪೈಸೆಯೂ ಬರಲಿಲ್ಲ. ಪಾದೂರಿನ ಸಂಬಂಧ ಮುರಿದುಬಿತ್ತು. ಮುಂದಿನ ತಿಂಗಳೇ ಮಣಿಪಾಲದ ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ ಹುಡುಕಿಕೊಂಡೆ. ಬಿಡುವಾಗ ಅವರಿಗೆ ಸರಿಯಾಗಿ ಹೇಳಿಯೂ ಬರಲಿಲ್ಲ. ಮೂರು ವರ್ಷ ಕಳೆದು ಮದುವೆಯಾದಾಗ ಕರೆಯೋಲೆಯನ್ನು ಬೇಕೆಂದೇ ಕಳಿಸಲಿಲ್ಲ. ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ಆ ಬೂದು ಕೋಟು ಕಂಡರೆ ಬೇರೆ ಬಸ್ಸಿನ ಮರೆಗೆ ಸರಿಯುತ್ತಿದ್ದೆ. ನ್ಯಾಯ ಮಾಡುವುದು ಸುಲಭ, ಕಳೆದುಕೊಂಡವರು ಬೇರೆಯವರಾದರೆ ಎಂದು ಗಂಡನ ಹತ್ತಿರ ಎಷ್ಟೋ ಸಲ ಹೇಳಿದ್ದೇನೆ.

ಅವರು ಕೆಲಸ ನಿಲ್ಲಿಸಿ ಕಾರ್ಕಳದ ತಮ್ಮ ಮನೆಗೆ ಹೋದರೆಂದೂ, ಕೆಲವು ವರ್ಷಗಳ ನಂತರ ತೀರಿಕೊಂಡರೆಂದೂ ಬೇರೆಯವರಿಂದ ತಿಳಿಯಿತು. ಹೋಗುವುದೋ ಬೇಡವೋ ಎಂದು ಹದಿನೈದು ದಿನ ಲೆಕ್ಕ ಹಾಕಿ ಕೊನೆಗೆ ಹೋದೆ. ಅವರ ಹೆಂಡತಿಯನ್ನು ನಾನು ಹಿಂದೆ ಕಂಡವಳಲ್ಲ. ಆಕೆಗೆ ನನ್ನ ವಿಷಯ ಎಲ್ಲ ಗೊತ್ತಿತ್ತು. "ನೀವೇ ಅಲ್ವಾ ಬಾಯಿ? ತಪ್ಪಿಲ್ಲದೆ ಟೈಪು ಮಾಡುತ್ತಿದ್ದವರು ನೀವೊಬ್ಬರೇ ಎನ್ನುತ್ತಿದ್ದರು," ಎಂದರು. ಆಫೀಸಿನಿಂದ ತಂದ ಪುಸ್ತಕಗಳು ಒಂದು ಮರದ ಪೆಟ್ಟಿಗೆಯಲ್ಲಿ ಹಾಗೆಯೇ ಉಂಟು, ನಿಮಗೆ ಬೇಕಾದ್ದು ತೆಗೆದುಕೊಳ್ಳಿ ಎಂದು ತೋರಿಸಿದರು.

ಕಾನೂನಿನ ಪುಸ್ತಕಗಳ ಕೆಳಗೆ ಆ ಎರಡು ಪಂಚಾಂಗಗಳಿದ್ದವು. ಪೆನ್ಸಿಲಿನ ಗುರುತುಗಳು ಹಾಗೆಯೇ ಇದ್ದವು. ಪುಟ ತಿರುಗಿಸುತ್ತಾ ಹೋದೆ. ಗುರುತಿಲ್ಲದ ಆಟಿಯ ಪುಟದಲ್ಲಿ ಒಂದು ಹಳದಿ ಚೀಟಿ ಇತ್ತು. ಆ ಬಟ್ಟೆ ಅಂಗಡಿಯದ್ದೇ, ಅವನದ್ದೇ ಸಹಿ, ತಾರೀಕು ಆಟಿಯದ್ದು. ಅದರ ಮೇಲೆ ರಿಸೀವರ್ರ ಹೆಸರು. ಐದು ಸಾವಿರ ರೂಪಾಯಿ.

ಪೆಟ್ಟಿಗೆಯ ಪಕ್ಕ ಕುಳಿತಲ್ಲೇ, ‘ಇದು ನಿಮ್ಮದು, ವಕೀಲರೇ’ ಎಂದು ಅಂಗಡಿಯವನು ಮೇಜಿನ ಮೇಲಿಟ್ಟ ಐದು ಸಾವಿರ ನೆನಪಾಯಿತು. ಅಂಗಡಿಯವನು ಆಟಿಯಲ್ಲಿ ಕೈ ಒಡ್ಡುತ್ತಾನೆ ಎಂದು ಅವರಿಗೆ ಹೇಗೆ ಗೊತ್ತಾಯಿತು ಎಂದು ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ತನ್ನ ಹಣವೂ ಅಲ್ಲಿದೆ ಎಂದು ಅವರು ಕೋರ್ಟಿಗೆ ಹೇಳಬೇಕಿತ್ತು. ಹೇಳದೆ ಇದ್ದದ್ದು ಕಾನೂನಿನ ಕಣ್ಣಿಗೆ ತಪ್ಪೇ. ಹೇಳಿದ್ದರೆ ಆ ಕೆಲಸ ಇನ್ನೊಬ್ಬರಿಗೆ ಹೋಗುತ್ತಿತ್ತು, ಆ ಇನ್ನೊಬ್ಬರು ನೀರು ಕೇಳುವವರಲ್ಲ. ನಾನೂ ಅದೇ ಫೈಲಿಗಾಗಿ ಬಾಯಿ ಮುಚ್ಚಿಕೊಂಡಿದ್ದವಳು, ಅವರೂ ಮುಚ್ಚಿಕೊಂಡಿದ್ದರು. ನಾನು ನಮ್ಮ ಪಾಲು ಸಿಗಲಿ ಎಂದು, ಅವರು ತಮ್ಮ ಪಾಲು ಬಿಟ್ಟು. ಅಂಥವರ ಮುಖಕ್ಕೆ ನಾನು ಆ ಮಾತು ಹೇಳಿದ್ದೆ.

"ಅದು ಎಂತ ಬಾಯಿ?" ಎಂದು ಅವರ ಹೆಂಡತಿ ಕೇಳಿದರು. ನಾನು ಚೀಟಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಓದಿದೆ.

ಆಕೆ ಚೀಟಿಯನ್ನು ಕೈಗೆ ತೆಗೆದುಕೊಂಡರು. ಅದು ಮಗಳ ಮದುವೆಗೆ ಕೂಡಿಸಿದ್ದ ಹಣ, ಒಬ್ಬ ಪರಿಚಯದವನಿಗೆ ಕೊಟ್ಟಿದ್ದೇನೆ ಎಂದಷ್ಟೇ ಹೇಳಿದ್ದರು, ಮದುವೆ ಎರಡು ವರ್ಷ ಮುಂದೆ ಹೋಯಿತು, ಆ ಸಿಟ್ಟಿನಲ್ಲಿ ತಾನು ಅವರ ಹತ್ತಿರ ಸರಿಯಾಗಿ ಮಾತಾಡುತ್ತಿರಲಿಲ್ಲ ಎಂದರು. ಆಮೇಲೆ ನನ್ನ ಹತ್ತಿರ ಬಂದು ಕುಳಿತರು.

"ನಿಮಗೆ ಗೊತ್ತಿರಬಹುದು ಬಾಯಿ. ಆ ಹಣ ಕೊನೆಗೆ ವಾಪಸ್ಸು ಬಂತಾ?"

"ಬಂದಿತ್ತಮ್ಮ," ಎಂದೆ. "ಪೂರ್ತಿ ಬಂದಿತ್ತು. ನಾನೇ ಎಣಿಸಿದ್ದು."